ಅಕ್ಕಿ ಮೂಲೆಯ ಆಫೀಸು

ನನ್ನ ಪೆನ್ ಸ್ಟ್ಯಾಂಡಿನಲ್ಲಿ ಎರಡು ಪೆನ್ನು, ಮೊನೆ ಮುರಿದ ಪೆನ್ಸಿಲ್ಲು, ಬರೆಯುವುದನ್ನು ಬಿಟ್ಟು ಬಹಳ ಕಾಲವಾದ ಒಂದು ಸ್ಕೆಚ್ ಪೆನ್ನು ಮತ್ತು ಒಂದು ದಬ್ಬಣ ಇವೆ. ದಬ್ಬಣ ಗೊತ್ತಲ್ಲ? ಚೀಲದ ಬಾಯಿ ಹೊಲಿಯುವ, ಗೇಣುದ್ದದ ಕಬ್ಬಿಣದ ಸೂಜಿ. ಯೋಚನೆ ಮಾಡುವಾಗ ಕೈಯಲ್ಲಿ ಏನಾದರೊಂದು ಹಿಡಿದು ತಿರುವುವುದು ನನ್ನ ಅಭ್ಯಾಸ. ಮೊನ್ನೆ ವಿಡಿಯೊ ಮೀಟಿಂಗಿನಲ್ಲಿ ಹಾಗೆ ದಬ್ಬಣವನ್ನು ತಿರುವುತ್ತಿದ್ದಾಗ, ಹೈದರಾಬಾದಿನಲ್ಲಿ ಕೂತಿರುವ ನಮ್ಮ ಮ್ಯಾನೇಜರ್ ರೆಡ್ಡಿಯವರು ಮಾತು ನಿಲ್ಲಿಸಿದರು.

"ಕೊಟ್ರೇಶ್ ಗಾರೂ, ಆ ಆಯುಧ ಸ್ವಲ್ಪ ಕೆಳಗಿಡಿ. ನಿಮ್ಮ ಲಾರಿ ಲೆಕ್ಕ ನಾನು ಒಪ್ಪಿಕೊಂಡಾಯ್ತು ಕದಂಡಿ."

ರೆಡ್ಡಿಯವರು ಕೆಲವು ವರ್ಷ ಬಳ್ಳಾರಿಯಲ್ಲಿದ್ದು ಕನ್ನಡ ಕಲಿತವರು. ವಾಕ್ಯದ ನಡುಭಾಗವನ್ನೆಲ್ಲ ಕನ್ನಡದಲ್ಲೇ ಆಡಿ, ಎರಡು ತುದಿಗಳಿಗೆ ಮಾತ್ರ ತೆಲುಗು ಹಚ್ಚುತ್ತಾರೆ. ನಾನು ದಬ್ಬಣವನ್ನು ಕೆಳಗಿಟ್ಟೆ. ಅದು ಅಲ್ಲಿರುವುದು ನನ್ನ ಮರೆವಿನಿಂದಲ್ಲ. ನಮ್ಮ ಮನೆಯಲ್ಲಿ ಇದು ಆಫೀಸಿನ ಸಾಮಾನು, ಇದು ಅಡುಗೆಮನೆಯ ಸಾಮಾನು ಎಂಬ ಭೇದ ಅಳಿದುಹೋಗಿದೆ. ಹೇಗೆ ಅಳಿಯಿತು ಎಂಬುದನ್ನು ರೆಡ್ಡಿಯವರಿಗೆ ಅರ್ಧ ಹೇಳಿದ್ದೇನೆ. ನಿಮಗೆ ಪೂರ್ತಿ ಹೇಳುತ್ತೇನೆ, ನೀವು ನನ್ನ ಸಂಬಳ ಹೆಚ್ಚಿಸುವವರಲ್ಲವಾದ್ದರಿಂದ.

ನಾನು ಅದಿರು ಸಾಗಿಸುವ ಒಂದು ಕಂಪನಿಯಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಸಂಡೂರಿನ ಕಡೆಯಿಂದ ಲಾರಿ ಹೊರಟಿತೇ, ಹೊರಟಿದ್ದು ಎಲ್ಲಿ ನಿಂತಿತು, ನಿಂತಿದ್ದು ಯಾಕೆ ನಿಂತಿತು, ಡ್ರೈವರ್ ಯಾಕೆ ಫೋನ್ ಎತ್ತುತ್ತಿಲ್ಲ ಎಂದು ಬೆಳಗಿನಿಂದ ಸಂಜೆಯವರೆಗೆ ವಿಚಾರಿಸುವುದು ನನ್ನ ಕೆಲಸ. ಅಂದರೆ ಚಿಂತೆ ಮಾಡಲಿಕ್ಕೆ ಸಂಬಳ. ಈ ಕೆಲಸ ಸಿಗುವವರೆಗೆ ಇದನ್ನು ನಾನು ಬಿಟ್ಟಿಯಾಗಿಯೇ ಮಾಡುತ್ತಿದ್ದೆ.

ಹೊಸಪೇಟೆಯಲ್ಲಿ ನಮಗೊಂದು ಆಫೀಸಿತ್ತು. ಫ್ಯಾನು ಇತ್ತು, ಕುಡಿಯುವ ನೀರಿನ ಕ್ಯಾನು ಇತ್ತು, ಬೈದುಕೊಳ್ಳಲು ಪಕ್ಕದ ಟೇಬಲ್ಲಿನವನಿದ್ದ. ಜನ ಮನೆಯಲ್ಲಿ ಕೂತೂ ಕೆಲಸ ಮಾಡುತ್ತಾರೆ ಎಂಬ ಗುಟ್ಟು ರೋಗದ ಕಾಲದಲ್ಲಿ ಕಂಪನಿಗಳಿಗೆ ಗೊತ್ತಾಗಿಬಿಟ್ಟಿತಲ್ಲ, ನಮ್ಮವರೂ ಬಾಡಿಗೆ ಉಳಿಸಲು ಆಫೀಸಿನ ಬಾಗಿಲು ಹಾಕಿದರು. ಒಂದೇ ಷರತ್ತು. ಪ್ರತಿಯೊಬ್ಬರಿಗೂ ಮನೆಯಲ್ಲಿ ಕೆಲಸಕ್ಕೆಂದೇ ಪ್ರತ್ಯೇಕ ಜಾಗ ಇರಬೇಕು; ಇಲ್ಲದವರು ಗಣಿಯ ಬಳಿ ಯಶವಂತನಗರದಲ್ಲಿರುವ ಕಂಪನಿಯ ಶೆಡ್ಡಿಗೆ ಹೋಗಿ ಕೂರಬೇಕು. ಯಶವಂತನಗರ ನನಗೆ ಹೊಸದಲ್ಲ. ನಾನು ಹುಟ್ಟಿ ಬೆಳೆದದ್ದೇ ಅಲ್ಲಿ. ಅಲ್ಲಿನ ಕೆಂಪು ಧೂಳನ್ನು ಬಾಲ್ಯದಲ್ಲೇ ನನ್ನ ಪಾಲಿನಷ್ಟು ಕುಡಿದು ಮುಗಿಸಿದ್ದೇನೆ ಎಂದು ನನ್ನ ಭಾವನೆ. ಆದ್ದರಿಂದ ಮನೆಯಲ್ಲಿ ಪ್ರತ್ಯೇಕ ಜಾಗ ಇದೆ ಎಂದು ಬರೆದುಕೊಟ್ಟು, ಆಮೇಲೆ ಅದನ್ನು ಹುಡುಕಲು ಹೊರಟೆ.

ನಮ್ಮ ಮನೆ ಕಾಲುವೆಯ ಆಚೆಗಿನ ಓಣಿಯಲ್ಲಿದೆ. ರೈಲು ಡಬ್ಬಿಗಳ ಹಾಗೆ ಒಂದರ ಹಿಂದೊಂದು ಮುಂದಿನ ಕೋಣೆ, ನಡುವಿನ ಕೋಣೆ, ಅಡುಗೆಮನೆ. ಹಿತ್ತಿಲ ಬಾಗಿಲಲ್ಲಿ ಸೀನಿದರೆ ಓಣಿಯಲ್ಲಿ ಹೋಗುವವರು "ನೆಗಡಿ ಆಗೇತೇನ್ರಿ?" ಎಂದು ಕೇಳುತ್ತಾರೆ. ಮೊದಲು ನಡುವಿನ ಕೋಣೆಯಲ್ಲಿ ಕೂತು ನೋಡಿದೆ. ಅಲ್ಲಿ ನಮ್ಮ ಮಗಳು ವೀಣಾ ಪಿಯುಸಿ ಓದುತ್ತಾಳೆ.

"ಅಪ್ಪಾ, ನೀ ಹಿಂಗ ಲಾರಿ ಲಾರಿ ಅಂತ ಒದರಿದ್ರ ನನಗ ಕೆಮಿಸ್ಟ್ರಿ ತಲಿಗೆ ಹತ್ತಾಂಗಿಲ್ಲ. ನಿನ್ನೆ ಟೆಸ್ಟಿನ್ಯಾಗ ಕಬ್ಬಿಣದ ಸಂಕೇತ ಬರಿಯೋ ಕಡೆ ಕೆಎ ಮೂವತ್ತೈದು ಅಂತ ಬರದು ಬಂದೀನಿ" ಎಂದಳು.

ಅಡುಗೆಮನೆಗೆ ಹೋದೆ. ಕುಕ್ಕರ್ ಕೂಗಿದಾಗ ರೆಡ್ಡಿಯವರು "ಆ ರೈಲು ಹೋಗಲಿ, ಆಮೇಲೆ ಹೇಳಿ" ಎಂದು ಕಾದರು. ಮತ್ತೊಂದು ರೈಲು ಬಂತು. ನನ್ನ ಹೆಂಡತಿ ಸುಮಂಗಲಾ, "ನಿಮ್ಮ ಸಾಹೇಬ್ರಿಗೆ ಬ್ಯಾಳಿ ಕುದಿಯೋತನ ತಡೀರಿ ಅನ್ರಿ" ಎಂದು ಜೋರಾಗಿಯೇ ಹೇಳಿದಳು. ಮೈಕ್ ತೆರೆದಿತ್ತು. ತಾರಸಿಗೆ ಹೋದೆ. ಹಂಪಿಯಲ್ಲಿ ಪ್ರವಾಸಿಗರು ಕಡಿಮೆಯಾದ ದಿನ ನಮ್ಮ ಓಣಿಗೆ ಬಂದುಹೋಗುವ ಕೋತಿಗಳಲ್ಲಿ ಒಂದು, ನನ್ನ ಕಂಪ್ಯೂಟರಿನ ಮೌಸನ್ನು ಕಿತ್ತುಕೊಂಡು ನೀರಿನ ಟ್ಯಾಂಕಿನ ಮೇಲೆ ಕೂತು, ಸಮಾಧಾನದಿಂದ ಪರೀಕ್ಷಿಸಿ, ಇದರಲ್ಲೇನೂ ಇಲ್ಲ ಎಂದು ಓಣಿಗೆ ಎಸೆಯಿತು. ಆ ಅಭಿಪ್ರಾಯದ ಬಗ್ಗೆ ನನಗೆ ತಕರಾರಿರಲಿಲ್ಲ.

ಉಳಿದದ್ದು ಮುಂದಿನ ಕೋಣೆಯ ಬಲಮೂಲೆ. ನಮ್ಮ ಮನೆಯಲ್ಲಿ ಅದಕ್ಕೆ ಅಕ್ಕಿ ಮೂಲೆ ಎಂದು ಹೆಸರು.

ಸುಮಂಗಲಾಳ ತವರು ಕಂಪ್ಲಿ. ಅಲ್ಲಿ ಅವಳ ತಮ್ಮ ಪಂಪಾಪತಿ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತಾನೆ, ಒಂದು ಸಣ್ಣ ರೈಸ್ ಮಿಲ್ಲನ್ನೂ ನಡೆಸುತ್ತಾನೆ. ಪ್ರತಿ ವರ್ಷ ಕೊಯ್ಲು ಮುಗಿದು ಭತ್ತ ಮಿಲ್ಲಿಗೆ ಬಿದ್ದ ಮೇಲೆ, ಒಂದು ಸೋಮವಾರ, ನಮ್ಮ ಮನೆಗೆ ವರ್ಷದ ಅಕ್ಕಿ ಬರುತ್ತದೆ. ಆರು ಚೀಲ. ಕಳಿಸುವುದಿಲ್ಲ, ಪಂಪಾಪತಿ ತಾನೇ ಟೆಂಪೋದಲ್ಲಿ ಹೆಂಡತಿ ಶರಣಮ್ಮನನ್ನು ಕೂರಿಸಿಕೊಂಡು ತರುತ್ತಾನೆ. ಮೊದಲ ಚೀಲದ ಬಾಯಿಯನ್ನು ಅವನೇ ಬಿಚ್ಚುತ್ತಾನೆ. ಆ ಅಕ್ಕಿಯಲ್ಲಿ ಶರಣಮ್ಮ ನಮ್ಮವಳ ಉಡಿ ತುಂಬುತ್ತಾಳೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಮೇಲೊಂದು ಖಣ. ಆಮೇಲೆ ಊಟ. ಊಟಕ್ಕೆ ಮಾತ್ರ ಹಳೆ ಅಕ್ಕಿ, ಏಕೆಂದರೆ ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ. ತಂದವನಿಗೆ ತಂದದ್ದನ್ನು ಬಡಿಸಲು ಬಾರದ ಏಕೈಕ ಉಡುಗೊರೆ ಇದು.

ಮೊದಲೆಲ್ಲ ಈ ಉಡಿ ತುಂಬುತ್ತಿದ್ದವರು ನಮ್ಮ ಅತ್ತೆ. ಅವರು ತೀರಿಕೊಂಡ ಮೇಲೆ ಹೊಲ ಮನೆಯ ಪಾಲಿನ ಮಾತು ಬಂದಾಗ ಹಿರಿಯರು ಸುಮಂಗಲಾಳನ್ನು "ನಿನಗೇನು ಬೇಕವ್ವ?" ಎಂದು ಕೇಳಿದರು. "ನನಗೇನೂ ಬ್ಯಾಡ. ವರ್ಷದ ಅಕ್ಕಿ ತಪ್ಪಸಬ್ಯಾಡ್ರಿ, ಅಷ್ಟ ಸಾಕು" ಎಂದಳು. ನಾನು ಪಕ್ಕದಲ್ಲೇ ಇದ್ದೆ. ಕೇಳಿಸಿಕೊಂಡೆ ಕೂಡ. ಆದರೆ ನಾನು ಕೇಳಿಸಿಕೊಂಡದ್ದು ಅಕ್ಕಿ ಎಂಬ ಪದವನ್ನು ಮಾತ್ರ.

ಇದಕ್ಕೆ ನನ್ನ ಬಾಲ್ಯ ಕಾರಣ ಎಂದು ಹೇಳಿ ತಪ್ಪಿಸಿಕೊಳ್ಳಬಹುದು, ಹೇಳುತ್ತೇನೆ. ನಮ್ಮಪ್ಪ ಗಣಿಯ ಟೈಮ್ ಆಫೀಸಿನಲ್ಲಿದ್ದರು. ಕಂಪನಿಯ ಕ್ವಾರ್ಟರ್ಸು, ಕಂಪನಿಯ ಬಸ್ಸು, ಕಂಪನಿಯ ನೀರು. ಮನೆಯ ಗೋಡೆಗೆ ಬಿಳಿ ಸುಣ್ಣ ಬಳಿದರೆ ಯುಗಾದಿ ಕಳೆಯುವಷ್ಟರಲ್ಲಿ ಗುಲಾಬಿಯಾಗಿರುತ್ತಿತ್ತು. ನಮ್ಮವ್ವ ಅಪ್ಪನ ಬಿಳಿ ಅಂಗಿ ಒಗೆಯುವುದನ್ನು ಒಂದು ಹಂತದಲ್ಲಿ ಕೈಬಿಟ್ಟು, ಗುಲಾಬಿ ಬಣ್ಣದ ಅಂಗಿಗಳನ್ನೇ ಕೊಂಡುಬಿಟ್ಟಳು. ಓದಲಿಕ್ಕೆ ನನಗೊಂದು ಪ್ರತ್ಯೇಕ ಜಾಗ ಆಗಲೂ ಬೇಕಿತ್ತು; ಅದು ಅಪ್ಪನ ಮಂಚದ ಕೆಳಗೆ ಸಿಕ್ಕಿತ್ತು. ಅಲ್ಲಿ ಬೋರಲು ಮಲಗಿ ಹತ್ತನೆಯ ತರಗತಿಯವರೆಗೆ ಓದಿದೆ. ಅಪ್ಪ ಮಗ್ಗುಲು ಬದಲಿಸಿದಾಗ ಮಂಚದ ಪಟ್ಟಿ ತಗ್ಗಿ ನನ್ನ ಬೆನ್ನು ಮುಟ್ಟುತ್ತಿತ್ತು. ಗಣಿತದಲ್ಲಿ ನನಗಿರುವ ಭಯಕ್ಕೂ ಇದಕ್ಕೂ ಸಂಬಂಧವಿರಬಹುದು.

ಮುಖ್ಯ ವಿಷಯವೆಂದರೆ, ನಮ್ಮ ಮನೆಗೆ ಕಾಳು ಬರುತ್ತಿದ್ದದ್ದು ತಿಂಗಳಿಗೊಮ್ಮೆ. ಪಗಾರದ ದಿನ ಅಪ್ಪ ಸೊಸೈಟಿಯಿಂದ ಜೋಳ, ಸ್ವಲ್ಪ ಅಕ್ಕಿ ತರುತ್ತಿದ್ದರು. ತಿಂಗಳ ಕೊನೆಗೆ ಡಬ್ಬಿ ಬಡಿದರೆ ಸದ್ದು ಬರಬೇಕು, ಅದೇ ಸರಿಯಾದ ಸಂಸಾರ ಎಂದು ನಾನು ತಿಳಿದಿದ್ದೆ. ಒಂದು ವರ್ಷದ ಕೂಳನ್ನು ಒಮ್ಮೆಗೇ ಮನೆಯಲ್ಲಿ ಕಂಡಾಗ ನನಗೆ ಧೈರ್ಯ ಬರುವುದಿಲ್ಲ, ಚಿಂತೆ ಬರುತ್ತದೆ. ನುಸಿ ಬಿದ್ದರೆ? ಇಲಿ ಬಂದರೆ? ನೆಲದ ಕಡಪ ಕಲ್ಲು ಬಿರಿದರೆ? ಮದುವೆಯಾದ ಹೊಸದರಲ್ಲಿ ಆರು ಚೀಲದ ಭಾರಕ್ಕೆ ಬಲಗಡೆಯ ಗೋಡೆ ವಾಲುತ್ತದೆಯೇ ಎಂದು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿದ್ದೇನೆ. ಗೋಡೆ ಮೊದಲಿನಿಂದಲೂ ವಾಲಿತ್ತು, ಎಡಕ್ಕೆ.

ಹೀಗಿರುವಾಗ, ಡಿಸೆಂಬರಿನಲ್ಲಿ, ಹಿಂದಿನ ವರ್ಷದ ಕೊನೆಯ ಚೀಲವೂ ಡಬ್ಬಿಗೆ ಹೋಗಿ ಅಕ್ಕಿ ಮೂಲೆ ಖಾಲಿಯಾಯಿತು. ನಾನು ಟೇಪು ಹಿಡಿದು ಅಳೆದೆ. ಒಂದು ಟೇಬಲ್ಲು, ಒಂದು ಕುರ್ಚಿ, ಕುರ್ಚಿಯಲ್ಲಿ ನಾನು. ಸರಿಯಾಗಿ ಕೂರುತ್ತಿತ್ತು. ಆಗ ನನ್ನ ತಲೆಗೆ, ಅದಿರು ಸಾಗಿಸುವವರ ತಲೆಗೆ ಮಾತ್ರ ಬರಬಹುದಾದ ವಿಚಾರ ಬಂತು. ಕಾರ್ಖಾನೆಯವರು ವರ್ಷದ ಅದಿರನ್ನು ಒಮ್ಮೆಗೇ ತರಿಸಿ ಅಂಗಳದಲ್ಲಿ ರಾಶಿ ಹಾಕಿಕೊಳ್ಳುತ್ತಾರೆಯೇ? ಬೇಕಾದಾಗ ಬೇಕಾದಷ್ಟು ತರಿಸುತ್ತಾರೆ. ಪಂಪಾಪತಿಗೆ ಫೋನ್ ಮಾಡಿದೆ.

"ಏನ್ ಮಾಮಾ, ಆರಾಮೇನು?"

"ಆರಾಮ. ಪಂಪಾ, ಈ ವರ್ಷ ಅಕ್ಕಿದು ಒಂದು ವಿಚಾರ ಮಾಡೀನಿ."

"ಹೇಳು ಮಾಮಾ. ಸೋನಾ ಬ್ಯಾಡೇನು, ಬ್ಯಾರೆ ತರ್ಲೇನು?"

"ಸೋನಾನೇ ಇರ್ಲಿ. ಒಮ್ಮೆಗೇ ಬ್ಯಾಡ. ತಿಂಗಳಿಗೆ ಇಷ್ಟು ಅಂತ ಕಳಿಸು. ನಿಮ್ಮ ಮಿಲ್ಲಿನ್ಯಾಗ ಜಾಗ ಭಾಳ ಐತಿ, ನಮ್ಮ ಮನ್ಯಾಗ ಇಲ್ಲ. ಆ ಮೂಲ್ಯಾಗ ಆಫೀಸ್ ಮಾಡಾಕತ್ತೀನಿ."

ಅವನು ಮಿಲ್ಲಿನ ಸದ್ದಿನಿಂದ ಹೊರಗೆ ಬಂದು ಕೇಳಿದ.

"ಅಕ್ಕಗ ಗೊತ್ತೈತೇನು?"

"ಹ್ಞೂಂ. ಆಕಿಗೂ ಅದ ಚಲೋ" ಎಂದೆ. ಗೊತ್ತಿರಲಿಲ್ಲ. ಆದರೆ ಚಲೋ ಆದ ಮೇಲೆ ಗೊತ್ತುಮಾಡಿದರಾಯಿತು ಎಂದು ನನ್ನ ಲೆಕ್ಕ.

"ಆತ್ರಿ" ಎಂದು ಫೋನ್ ಇಟ್ಟ.

"ಆತು ಮಾಮಾ" ಎನ್ನಲಿಲ್ಲ. ಡ್ರೈವರನ ದನಿಯಿಂದಲೇ ಲಾರಿಯ ಯಾವ ಟೈರು ಪಂಕ್ಚರ್ ಆಗಿದೆ ಎಂದು ಹೇಳಬಲ್ಲ ನಾನು ಇದನ್ನು ಗಮನಿಸಲಿಲ್ಲ. ಸ್ಟೇಷನ್ ರಸ್ತೆಗೆ ಹೋಗಿ ಟೇಬಲ್ಲು, ಚಕ್ರದ ಕುರ್ಚಿ ತಂದೆ. ಸುಮಂಗಲಾ ಮೂಲೆಯನ್ನೂ ಕುರ್ಚಿಯನ್ನೂ ನೋಡಿ, "ಅಕ್ಕಿ ಬಂದಾಗ ಇದನ್ನೆಲ್ಲಿ ಇಡ್ತೀರಿ?" ಎಂದಳು. "ನೋಡೋಣಂತ" ಎಂದೆ. ಆಫೀಸು ಶುರುವಾಯಿತು. ಗೋಡೆಗೆ ಕ್ಯಾಲೆಂಡರು, ಟೇಬಲ್ಲಿಗೆ ಪೆನ್ ಸ್ಟ್ಯಾಂಡು. ಫೋಟೋ ಕಳಿಸಿದೆ. "ಚಾಲಾ ಬಾಗುಂದಿ, ತುಂಬಾ ಚೆನ್ನಾಗಿದೆ" ಎಂದು ರೆಡ್ಡಿಯವರು ಮೆಚ್ಚಿದರು. ಯಶವಂತನಗರದ ಶೆಡ್ಡು ತಪ್ಪಿತು. ನಾನು ಸುಮಾರು ಒಂದು ತಿಂಗಳು ಸುಖವಾಗಿದ್ದೆ. ಚಿಂತೆ ಮಾಡಲು ಏನೂ ಇಲ್ಲವಲ್ಲ ಎಂಬುದೊಂದೇ ಚಿಂತೆ.

ಸಂಕ್ರಾಂತಿ ಬಂತು, ಹೋಯಿತು. ಸುಮಂಗಲಾ ಪ್ರತಿ ಸೋಮವಾರ ಮುಂದಿನ ಕೋಣೆಯನ್ನು ಒಂದು ಸಲ ಹೆಚ್ಚಿಗೆ ಒರೆಸುತ್ತಿದ್ದಳು. ಉಡಿಗೆಂದು ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಹೊರಗಿಟ್ಟಿದ್ದಳು. "ಪಂಪ ಫೋನ್ ಮಾಡಿದ್ನೇನ್ರಿ?" ಎಂದು ಕೇಳಿದರೆ "ಕೊಯ್ಲು ತಡ ಆಗಿರಬೇಕು" ಎಂದೆ. ತಾನಾಗಿ ಅವಳು ಫೋನ್ ಮಾಡಲಿಲ್ಲ. ಅಕ್ಕಿ ಬರುವ ಕಾಲದಲ್ಲಿ ತವರಿಗೆ ಫೋನ್ ಮಾಡಿದರೆ ಕೇಳಿದ ಹಾಗಾಗುತ್ತದಂತೆ. ಇದೂ ನನಗೆ ಗೊತ್ತಿರಲಿಲ್ಲ.

ಫೆಬ್ರವರಿಯ ಒಂದನೆಯ ತಾರೀಖು ನನ್ನ ಮೊಬೈಲಿಗೆ ಒಬ್ಬ ಕಂಡಕ್ಟರು ಫೋನ್ ಮಾಡಿದ. "ಕಂಪ್ಲಿ ಬಸ್ಸಿನ್ಯಾಗ ನಿಮ್ದೊಂದು ಚೀಲ ಬಂದೈತ್ರಿ. ಜಲ್ದಿ ಬರ್ರಿ, ಗಾಡಿ ಬಿಡಬೇಕು."

ಆಟೋದಲ್ಲಿ ಚೀಲ ಹಾಕಿಕೊಂಡು ಬಂದೆ. ಸುಮಂಗಲಾ ಬಾಗಿಲಲ್ಲಿ ನಿಂತು ಆಟೋದ ಹಿಂದೆ ಓಣಿಯ ತುದಿಯವರೆಗೂ ನೋಡಿದಳು.

"ಪಂಪ ಎಲ್ಲದಾನ?"

"ಬಂದಿಲ್ಲ. ಅಕ್ಕಿ ಬಂದೈತಿ."

"ಒಂದ ಚೀಲ?"

"ಉಳಿದಿದ್ದು ಹಂಗ ತಿಂಗಳ ತಿಂಗಳ ಬರ್ತೈತಿ."

"ಅವಗ ನೀವು ಏನಂದ್ರಿ?"

ಹೇಳಿದೆ. ಜಾಗದ ಮಿತವ್ಯಯ, ಬೇಕಾದಾಗ ಬೇಕಾದಷ್ಟು, ಕಾರ್ಖಾನೆಗಳು ಹೇಗೆ ಮಾಡುತ್ತವೆ, ಎಲ್ಲವನ್ನೂ. ಅವಳು ಪೂರ್ತಿ ಕೇಳಿದಳು. ಮಧ್ಯದಲ್ಲಿ ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ನಾ ಏನು ತವರು ಮನಿಗೆ ರೇಷನ್ ಕಾರ್ಡ್ ಮಾಡಿಸೀನೇನ್ರಿ, ತಿಂಗಳ ತಿಂಗಳ ಚೀಲ ಹಿಡಕೊಂಡು ನಿಂದ್ರಾಕ?"

"ಹಂಗಲ್ಲ, ವರ್ಷದ ಕೊನಿಗೆ ಒಟ್ಟು ತೂಕ ಅಷ್ಟ ಇರ್ತೈತಲ್ಲ."

"ತೂಕ" ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು. ಇಳಕಲ್ ಸೀರೆ ಪೆಟ್ಟಿಗೆಗೆ ವಾಪಸು ಹೋಯಿತು.

ಚೀಲವನ್ನು ಅವಳು ಬಿಚ್ಚಲಿಲ್ಲ. ಉಡಿ ತುಂಬದ ಅಕ್ಕಿಯ ಬಾಯಿ ನಾನು ಬಿಚ್ಚುವುದಿಲ್ಲ, ನೀವೂ ಬಿಚ್ಚಕೂಡದು ಎಂದಳು. ಓಣಿಯ ತುದಿಯ ಅಂಗಡಿಯಿಂದ ಪ್ಯಾಕೆಟ್ ಅಕ್ಕಿ ತಂದು ಅಡುಗೆ ಮಾಡಿದಳು. ವೀಣಾ ಮೊದಲ ತುತ್ತಿಗೇ, "ಮನ್ಯಾಗ ಚೀಲ ಇಟಗೊಂಡು ಅಂಗಡಿ ಅಕ್ಕಿ ಉಣ್ಣೋರು ಹೊಸಪ್ಯಾಟಿಯಾಗ ನಾವ ಇರಬೇಕು ನೋಡಪ್ಪಾ" ಎಂದಳು. ತಾಯಿ ತಿರುಗಿ ನೋಡಿದ ಮೇಲೆ ತಟ್ಟೆಗೆ ಬಗ್ಗಿ ಎರಡನೆಯ ತುತ್ತು ಕಲಸಿದಳು. ಚೀಲ ನನ್ನ ಟೇಬಲ್ಲಿಗೆ ಒರಗಿಕೊಂಡು ಕೂತಿತ್ತು. ಮೀಟಿಂಗಿನಲ್ಲಿ ರೆಡ್ಡಿಯವರು, "ಕೊಟ್ರೇಶ್ ಗಾರೂ, ನಿಮ್ಮ ಪಕ್ಕ ಯಾರೋ ಕೂತಿದಾರಲ್ಲ?" ಎಂದರು.

"ಅಕ್ಕಿ, ಸರ್."

"ಸರಿ ಸರಿ" ಎಂದರು, ಯಾರೋ ಅಕ್ಕಮ್ಮನವರಿರಬೇಕು ಎಂಬ ಮರ್ಯಾದೆಯಿಂದ.

"ನೀನ ಒಂದು ಫೋನ್ ಮಾಡಿ ಹೇಳಬಾರದೇನು, ಇವರಿಗೆ ತಿಳೀಲಿಲ್ಲ ಅಂತ?" ಎಂದು ಸುಮಂಗಲಾಳನ್ನು ಕೇಳಿದೆ. ಅವಳು ಮೊರದಲ್ಲಿ ಅಂಗಡಿ ಅಕ್ಕಿಯನ್ನು ಹಸನು ಮಾಡುತ್ತಿದ್ದಳು. ಅದರಲ್ಲಿ ಕಲ್ಲೂ ಇರಲಿಲ್ಲ, ನೆಲ್ಲೂ ಇರಲಿಲ್ಲ, ಸುಮ್ಮನೆ ಕೈಯಾಡಿಸುತ್ತಿದ್ದಳು.

"ಏನಂತ ಮಾಡ್ಲಿ? ಕೇಳಿ ತರಿಸಿಕೊಂಡ್ರ ಅದು ಬರೇ ಅಕ್ಕಿ ಆಗ್ತೈತ್ರಿ. ಅಕ್ಕಿ ಅಂಗಡ್ಯಾಗೂ ಸಿಗ್ತೈತಿ."

ಆಗ ನನಗೆ ನಿಜವಾದ ಭಯ ಹತ್ತಿತು. ಮುಂದಿನ ಒಂದನೆಯ ತಾರೀಖಿಗೆ ಎರಡನೆಯ ಚೀಲವೂ ಬಸ್ಸಿನಲ್ಲಿ ಬಂದರೆ ಇದೇ ಪದ್ಧತಿಯಾಗುತ್ತದೆ. ಆಮೇಲೆ ಒಂದು ತಿಂಗಳು ತಪ್ಪುತ್ತದೆ. ಆಮೇಲೆ ಇನ್ನೊಂದು. ಯಾರೂ ಜಗಳವಾಡದೆ, ಯಾರೂ ಬಾಗಿಲು ಹಾಕದೆ, ಒಂದು ತವರು ಮನೆ ಮುಗಿದುಹೋಗುತ್ತದೆ. ಲಾರಿಗಳ ವಿಷಯದಲ್ಲಿ ನಾನು ಮಾಡುವ ಚಿಂತೆಗಳು ಬಹುಪಾಲು ಸುಳ್ಳಾಗುತ್ತವೆ. ಇದು ಸುಳ್ಳಾಗುವ ಜಾತಿಯದಾಗಿ ಕಾಣಲಿಲ್ಲ. ರಜೆ ಹಾಕಿ ಕಂಪ್ಲಿ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಬೇಸಿಗೆ ಬೆಳೆಯ ಹಸಿರು, ಕಬ್ಬಿನ ಟ್ರ್ಯಾಕ್ಟರು. ಏನು ಹೇಳಬೇಕೆಂದು ನಾಲ್ಕಾರು ರೀತಿ ತಯಾರಿ ಮಾಡಿಕೊಂಡೆ. ಮಿಲ್ಲಿನ ಬಾಗಿಲಲ್ಲಿ ತಲೆಗೆ ಟವೆಲ್ ಕಟ್ಟಿಕೊಂಡು ನಿಂತಿದ್ದ ಪಂಪಾಪತಿಯನ್ನು ಕಂಡ ಕೂಡಲೇ ಎಲ್ಲ ಮರೆತುಹೋಯಿತು.

"ಬರ್ರಿ, ಬರ್ರಿ. ಕುಂದ್ರಿ. ಚಾ ತರಿಸ್ತೀನಿ" ಎಂದ. ಕುರ್ಚಿಯನ್ನು ಟವೆಲಿನಿಂದ ಒರೆಸಿ ಕೊಟ್ಟ. ಹಿಂದೆಲ್ಲ ನಾನು ಅಲ್ಲಿ ಚೀಲದ ಮೇಲೆ ಕೂರುತ್ತಿದ್ದೆ. "ಚೀಲ ಬರೋಬರಿ ಮುಟ್ಟೇತಲ್ರಿ? ಮುಂದಿಂದು ಒಂದನೇ ತಾರೀಖು ಹಾಕಸ್ತೀನಿ. ತೂಕ ಏನರ ಕಮ್ಮಿ ಬಂದ್ರ ಹೇಳ್ರಿ."

ಲಾರಿ ಮಾಲೀಕರ ಜೊತೆ ನಾನು ಮಾತಾಡುವ ಧಾಟಿ ಅದು. ಕೇಳಿಸಿಕೊಳ್ಳುವ ಕಡೆ ಕೂತಾಗ ಹೀಗಿರುತ್ತದೆ ಎಂದು ತಿಳಿದಿರಲಿಲ್ಲ.

"ಪಂಪಾ, ನಿಮ್ಮಕ್ಕ ಚೀಲ ಬಿಚ್ಚಿಲ್ಲ."

"ಯಾಕ?"

"ಉಡಿ ತುಂಬದ ಬಿಚ್ಚಾಂಗಿಲ್ಲ ಅಂತಾಳ."

"ಮತ್ತ ಉಣ್ಣಾಕ?"

"ಅಂಗಡಿ ಅಕ್ಕಿ."

ಅವನು ಚಹಾದ ಲೋಟ ಕೆಳಗಿಟ್ಟ. ಸುತ್ತ ಆಳೆತ್ತರಕ್ಕೆ ಚೀಲ ಒಟ್ಟಿದ್ದವು. "ಅಂಗಡಿ ಅಕ್ಕಿ" ಎಂದು ತನ್ನಷ್ಟಕ್ಕೆ ಹೇಳಿಕೊಂಡ. "ಪಾಲಿಶ್ ಹೊಡದದ್ದೇನು?"

"ಇರಬೇಕು. ಬೆಳ್ಳಗ ಐತಿ."

"ಅಲ್ರಿ, ಅಕ್ಕಗೂ ಅದ ಚಲೋ ಅಂದ್ರಲ್ಲ ನೀವು?"

"ಆಕಿನ್ನ ನಾ ಕೇಳಿದ್ದಿಲ್ಲಪಾ."

ಪಂಪಾಪತಿ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ತೌಡಿನ ಧೂಳು ಹೋಗಿ ಮುಖ ಕಂಡಿತು. "ನಾ ಏನ್ ತಿಳಕೊಂಡಿದ್ದೆ ಗೊತ್ತೈತೇನು? ಅವ್ವ ಹೋದ ಮ್ಯಾಲ ಅಕ್ಕಗ ನಮ್ಮ ಮನಿ ಸಾಕಾತು ಅಂತ. ಶರಣಿ ಆಗಲೇ ಖಣ ತಂದು ಇಟ್ಟಿದ್ಲು, ಎತ್ತಿಟ್ಟು ಅತ್ಲು. ಜಾಗ ಇಲ್ಲ ಅಂದ ಮ್ಯಾಲ ನಾ ಯಾವ ಮುಖ ತಗೊಂಡು ಬರ್ಲಿ?" ಆಮೇಲೆ ಸ್ವಲ್ಪ ಸಿಟ್ಟಿನಿಂದಲೇ ಕೇಳಿದ: "ಅಷ್ಟು ದೊಡ್ಡ ಆಫೀಸ್ ಏನ್ರಿ ಅದು? ಎಷ್ಟು ಮಂದಿ ಅದೀರಿ?"

"ನಾ ಒಬ್ಬನ."

"ಉದ್ದ ಅಗಲ ಎಷ್ಟೈತಿ?"

ನೆಲದ ಮೇಲೆ ತೌಡು ಹಿಟ್ಟಿನಂತೆ ಹಾಸಿತ್ತು. ಚಪ್ಪಲಿಯ ತುದಿಯಿಂದ ಒಂದು ಚೌಕ ಎಳೆದು ತೋರಿಸಿದೆ. ಅವನು ಸುತ್ತ ನಡೆದು ನೋಡಿದ.

"ಇದು ಟೇಬಲ್ಲೇನು?"

"ಇದು ಪೂರ್ತಿ ಆಫೀಸು. ಇಲ್ಲಿ ನಾ ಕುಂದ್ರತೀನಿ."

"ಮಾಮಾ" ಎಂದ ಪಂಪಾಪತಿ, "ನಮ್ಮ ಮಿಲ್ಲಿನ ಬೆಕ್ಕು ಕಾಲು ಚಾಚಿದ್ರ ಇದರಕಿಂತ ಹೆಚ್ಚಿಗಿ ಜಾಗ ಬೇಕಾಗ್ತೈತಿ."

ಮಾಮಾ ಅಂದ. ನಾನು ತಣ್ಣಗಾಗಿದ್ದ ಚಹಾವನ್ನು ಪೂರ್ತಿ ಕುಡಿದೆ.

ಸೋಮವಾರ ಬಂದರು. ಸಂಜೆ ಬರ್ರಿ, ಬೆಳಿಗ್ಗೆ ನನಗೆ ಮೀಟಿಂಗ್ ಇರುತ್ತದೆ ಎಂದು ಹೇಳಿದ್ದೆ. ಆದರೆ ರಾಹುಕಾಲ ಕಳೆದ ಕೂಡಲೇ ಆಗಬೇಕು ಎಂದು ಶರಣಮ್ಮ ಹಟ ಹಿಡಿದಳಂತೆ. ಸೋಮವಾರದ ರಾಹುಕಾಲ ಕಳೆಯುವುದೂ ನಮ್ಮ ಕಂಪನಿಯ ಮೀಟಿಂಗ್ ಶುರುವಾಗುವುದೂ ಒಂದೇ ಹೊತ್ತಿಗೆ. ಕಂಪನಿಯವರು ಪಂಚಾಂಗ ನೋಡಿಯೇ ಹೊತ್ತು ಇಟ್ಟಿರಬೇಕು. ಲಾರಿಗಳ ನಂಬರು ಓದುತ್ತಿದ್ದ ನನ್ನ ಮಗ್ಗುಲಲ್ಲೇ ಒಂದೊಂದಾಗಿ ಐದು ಚೀಲ ಒಳಗೆ ಬಂದು ಬಿದ್ದವು. ನೆಲದ ಮೇಲೆ ಮಣೆ ಹಾಕಲು ಜಾಗ ಉಳಿಯಲಿಲ್ಲ.

"ಮೂಡಲಕ್ಕ ಮುಖ ಮಾಡಿ ಕುಂದ್ರಬೇಕು. ಏಳ್ರಿ ಮ್ಯಾಲ" ಎಂದು ಶರಣಮ್ಮ ನನ್ನನ್ನು ಎಬ್ಬಿಸಿದಳು.

ನಮ್ಮ ಮುಂದಿನ ಕೋಣೆಯಲ್ಲಿ ಮೂಡಲಿಗೆ ಮುಖ ಮಾಡಿದ ಆಸನವೆಂದರೆ ನನ್ನ ಚಕ್ರದ ಕುರ್ಚಿ ಮಾತ್ರ. ಇಳಕಲ್ ಸೀರೆ ಉಟ್ಟು ಸುಮಂಗಲಾ ಅದರಲ್ಲಿ ಕೂತಳು. ಕುರ್ಚಿ ಹಿಂದಕ್ಕೆ ಹೊರಟಿತು, ವೀಣಾ ಹಿಡಿದುಕೊಂಡಳು. ಬಸ್ಸಿನಲ್ಲಿ ಬಂದಿದ್ದ ಆ ಚೀಲದ ಹೊಲಿಗೆಯನ್ನೇ ಪಂಪಾಪತಿ ಮೊದಲು ಬಿಚ್ಚಿದ. ಶರಣಮ್ಮ ಬೊಗಸೆ ತುಂಬಿದಳು. ಆಗ ಟೇಬಲ್ಲಿನ ಮೇಲಿಂದ ದನಿ ಬಂತು.

"ಕೊಟ್ರೇಶ್ ಗಾರೂ? ಕೊಟ್ರೇಶ್..." ನನ್ನ ಜಾಗದಲ್ಲಿ ಸೀರೆಯ ಸೆರಗೂ ಅದರೊಳಗೆ ಬೀಳುತ್ತಿರುವ ಅಕ್ಕಿಯೂ ಅವರಿಗೆ ಕಂಡಿತು. ಬೇರೆ ಬೇರೆ ಊರುಗಳ ಹತ್ತಾರು ಮುಖಗಳಿಗೂ ಕಂಡಿತು. ನನ್ನ ಕೆಲಸ ಹೋಯಿತು ಎಂದು ತಿಳಿದು ನಾನು ಗೋಡೆಗೆ ಒರಗಿದೆ.

"ಒಡಿ ಬಿಯ್ಯಮಾ?" ಎಂದರು ರೆಡ್ಡಿಯವರು. ದನಿ ಬದಲಾಗಿತ್ತು. "ನಮ್ಮ ಕಡೆಯೂ ಉಡಿ ಅಕ್ಕಿ ಇದೆಯಲ್ಲಂಡಿ. ನಮ್ಮ ಅಕ್ಕನಿಗೆ ನಾನು ಕೊಟ್ಟು ಬಹಳ ವರ್ಷ ಆಯ್ತು... ನಡೀಲಿ, ನಡೀಲಿ." ತಮ್ಮ ಮೈಕನ್ನು ಮುಚ್ಚಿಕೊಂಡರು.

"ಯಾರು ಮಾಮಾ ಒಳಗ?" ಎಂದ ಪಂಪಾಪತಿ.

"ನಮ್ಮ ಮ್ಯಾನೇಜರು."

"ನಮಸ್ಕಾರ್ರಿ ಸಾಹೇಬ್ರ" ಎಂದು ಅವನು ಪರದೆಗೆ ಬಾಗಿದ. "ನಿಮ್ಮ ಆಫೀಸ್ ಭಾಳ ಚಲೋ ಐತಿ. ನಿಮಗೂ ಒಂದು ಚೀಲ ಬಸ್ಸಿಗೆ ಹಾಕಸ್ಲೇನು?"

ಸುಮಂಗಲಾ ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಮ್ಮನ ಮುಖ ನೋಡಿ, "ಯಾಕಲೇ ಪಂಪಾ, ಇಷ್ಟು ಸಣ್ಣಾಗಿ?" ಎಂದಳು. ಪಂಪಾಪತಿ ಸಣ್ಣಗೇನೂ ಆಗಿರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಬೇರೆ ಬೇರೆ ಗೋಡೆಗಳನ್ನು ನೋಡಿದರು. ಆ ದಿನದ ಮೀಟಿಂಗಿನಲ್ಲಿ ಲಾರಿಗಳ ವಿಷಯ ಮುಂದುವರಿಯಲಿಲ್ಲ.

ಊಟವಾದ ಮೇಲೆ ಪಂಪಾಪತಿ ನನ್ನ ಟೇಬಲ್ಲನ್ನು ಎತ್ತಿ ವೀಣಾಳ ಕೋಣೆಗೆ ಸಾಗಿಸಿದ. ಮೂಲೆಯಲ್ಲಿ ಒಂದರ ಮೇಲೊಂದು ಮೂರು ಮೂರರಂತೆ ಎರಡು ಸಾಲು ಚೀಲ ಒಟ್ಟಿ, ಟೆಂಪೋದಲ್ಲಿದ್ದ ಹಲಗೆಯನ್ನು ತಂದು ಮೇಲೆ ಹಾಸಿದ. "ಕುಂದ್ರು ಮಾಮಾ" ಎಂದ. ಕೂತೆ. ಎತ್ತರ ಅಂಗಡಿಯ ಟೇಬಲ್ಲಿಗಿಂತ ಹೊಂದಿಕೆಯಾಗಿತ್ತು.

ಈ ಆಫೀಸಿಗೆ ಕೆಲವು ಸ್ವಭಾವಗಳಿವೆ. ಡಬ್ಬಿ ಖಾಲಿಯಾದಾಗ ಸುಮಂಗಲಾ ಒಂದು ಸಾಲಿನ ಮೇಲಿನ ಚೀಲ ತೆಗೆಯುತ್ತಾಳೆ; ಇನ್ನೊಂದು ಸಾಲಿನದು ಖರ್ಚಾಗುವವರೆಗೆ ನನ್ನ ಆಫೀಸು ಬಾಗಿಲ ಕಡೆಗೆ ವಾಲಿರುತ್ತದೆ. ಅಷ್ಟು ದಿನ ಹಳೆಯ ಗಾದಿಯನ್ನು ಮಡಿಸಿ ಕೆಳಗಿಡುತ್ತೇನೆ. ಒಂದೊಂದು ದಿನ ನುಸಿಯೊಂದು ಚೀಲದೊಳಗೆ ಹಾಕಿದ ಬೇವಿನ ಸೊಪ್ಪಿಗೆ ಹೆದರಿ ಮೇಲೆ ಬಂದು, ಪರದೆಯ ಮೇಲೆ ಸಂಡೂರಿನ ಲಾರಿಗಳ ಸಾಲಿನಲ್ಲಿ ನಡೆದು ಹೋಗುತ್ತದೆ. ದಿನದಲ್ಲಿ ಹೊತ್ತಿಗೆ ಸರಿಯಾಗಿ ಮುಟ್ಟುವುದು ಅದೊಂದೇ. ಅರ್ಧ ತೆಗೆದ ಚೀಲದ ಬಾಯಿ ಹೊಲಿಯುವುದು ಈಗ ಮೇಜಿನ ಯಜಮಾನನಾದ ನನ್ನ ಕೆಲಸ. ದಬ್ಬಣ ಪೆನ್ನುಗಳ ಜೊತೆ ಸೇರಿದ್ದು ಹಾಗೆ.

ಅಕ್ಕಿ ಈ ವರ್ಷ ಬೇಗ ಇಳಿಯುತ್ತಿದೆ. ಹೊಸಪೇಟೆಯಲ್ಲಿ ಮನೆ ಇದ್ದವರಿಗೆ ಹಂಪಿ ನೋಡಲು ಬರುವವರೆಲ್ಲರೂ ಬಂಧುಗಳು. ದೇವಸ್ಥಾನಗಳು ಎಷ್ಟೋ ಅಷ್ಟು ಹೊತ್ತಿನ ಊಟ. ಶ್ರಾವಣದ ಹೊತ್ತಿಗೆ ಹಲಗೆ ನನ್ನ ಮೊಣಕಾಲಿನ ಮಟ್ಟಕ್ಕೆ ಬಂತು. ಕುರ್ಚಿ ಬಿಟ್ಟು ಚಾಪೆ ಹಾಸಿಕೊಂಡೆ. ಮೀಟಿಂಗಿನಲ್ಲಿ ಈಗ ನನ್ನ ಗದ್ದವೂ ಕೈಯಲ್ಲಿನ ದಬ್ಬಣವೂ ತಿರುಗುವ ಫ್ಯಾನೂ ಮಾತ್ರ ಕಾಣುತ್ತವಂತೆ. ಬೆನ್ನು ನೋಯುತ್ತಿದೆ ಎಂದು ಯಾರ ಬಳಿಯೂ ಹೇಳಲಿಲ್ಲ. ಅಕ್ಕಿಯ ವಿಷಯದಲ್ಲಿ ಮತ್ತೆ ಬಾಯಿ ತೆರೆಯುವ ಧೈರ್ಯ ನನಗಿರಲಿಲ್ಲ.

ನಿನ್ನೆ ನಾನು ಕಾಲು ಜೋಮು ಹಿಡಿದು ಚಾಪೆಯ ಮೇಲೆ ಮಗ್ಗುಲಾಗಿದ್ದೆ. ಅಡುಗೆಮನೆಯಿಂದ ಸುಮಂಗಲಾ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಶರಣಮ್ಮನ ಮೊಣಕಾಲು ನೋವು, ಕಾಲುವೆಗೆ ನೀರು ಬಿಟ್ಟದ್ದು, ನಾಟಿಯ ಆಳುಗಳು, ಎಲ್ಲ ಆಯಿತು. ಆಮೇಲೆ, ಯಾವ ಸಂಕೋಚವೂ ಇಲ್ಲದೆ, ಓಣಿಗೆಲ್ಲ ಕೇಳುವ ಹಾಗೆ ಅಂದಳು:

"ಮತ್ತ ಪಂಪಾ, ಬರೋ ಸಲ ಎರಡು ಚೀಲ ಹೆಚ್ಚಿಗಿ ತಗೊಂಡು ಬಾರಪಾ. ಇಲ್ಲೋ, ಉಣ್ಣಾಕಲ್ಲ. ನಮ್ಮನಿಯವ್ರ ಆಫೀಸು ಭಾಳ ತಗ್ಗಿಗೆ ಬಂದೈತಿ."